ತೆಪ್ಪಕ್ಕೊಂದು ಫಿಶ್ ಫೈಂಡರ್: ಮೊದಲು ಮೀನಲ್ಲ, ತಳ ನೋಡಿ

ಈ ಎಪಿಸೋಡ್ ಯಾರಿಗೆ ಅಂದ್ರೆ, ಅಪ್ಪನೋ ಮಾವನೋ ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಲ್ಲಿ, ಇಲ್ಲಾ ಕೆ.ಆರ್. ನಗರದ ಕಡೆ ಕೆಆರ್‌ಎಸ್ ಹಿನ್ನೀರಲ್ಲಿ ಬಲೆ ಬಿಡ್ತಾರೆ, ಆದರೆ ಮನೇಲಿ ಆ್ಯಪ್ ಹಾಕೋದು, ಆನ್‌ಲೈನಲ್ಲಿ ಸಾಮಾನು ತರಿಸೋದು ನೀವು. ಅಂಥವರಿಗೆ. ರೀಲ್ಸ್ ನೋಡಿರ್ತೀರ: ನೀರಿಗೆ ಚೆಂಡಿನಂಥದ್ದೊಂದು ಬಿಡ್ತಾರೆ, ಫೋನಲ್ಲಿ ಮೀನಿನ ಚಿತ್ರ ಬರುತ್ತೆ. "ಅಪ್ಪಂಗೂ ಒಂದು ತಂದುಕೊಡೋಣ್ವಾ?" ಅಂತ ಅನ್ನಿಸಿರುತ್ತೆ.

ತಂದುಕೊಡಿ. ಆದರೆ ಅದು ಮೀನು ಹುಡುಕೋ ಯಂತ್ರ ಅಂತ ತರಬೇಡಿ. ನಮ್ಮ ಹಿನ್ನೀರಲ್ಲಿ ಅದರ ದೊಡ್ಡ ಉಪಯೋಗ ತಳ ತೋರಿಸೋದು. ಯಾಕೆ ಅಂತ ಹೇಳ್ತೀನಿ.

ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ನೀರು ನಿಂತಾಗ ಕೆಳಗೆ ಹೊಲ, ಊರು, ಕಾಡು ಎಲ್ಲಾ ಇತ್ತು. ಕೆಆರ್‌ಎಸ್‌ನದ್ದೂ ಅದೇ ಕಥೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರಲ್ಲಿ ಮುಳುಗಿ, ಆಮೇಲೆ ಅದರ ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ರು. ಬೇಸಿಗೇಲಿ ಕಬಿನಿ ಇಳಿದಾಗ ಸತ್ತ ಮರಗಳ ಬೊಡ್ಡೆ ಎದ್ದು ನಿಲ್ಲೋದನ್ನ ನೀವೇ ನೋಡಿದ್ದೀರ. ನೀರು ತುಂಬಿದಾಗ ಆ ಬೊಡ್ಡೆಗಳು ಎಲ್ಲೂ ಹೋಗಿರಲ್ಲ, ಕಾಣಲ್ಲ ಅಷ್ಟೇ. ಸಂಜೆ ಬಿಟ್ಟ ಬಲೆ ಬೆಳಗ್ಗೆ ಎಳೆಯುವಾಗ ಅವಕ್ಕೆ ಸಿಕ್ಕಿ ಹರಿಯುತ್ತೆ. ಮೇಲ್ಮಟ್ಟದಲ್ಲೇ ಇದ್ರೆ ತೆಪ್ಪದ ತಳಾನೇ ತೂತಾಗುತ್ತೆ. ಅಂದ್ರೆ ಇಲ್ಲಿ ಬಲೆ ಮಾತ್ರ ಅಲ್ಲ, ಜೀವದ ಪ್ರಶ್ನೆ.

ಈಗ ಯಂತ್ರ ಹೆಂಗೆ ಕೆಲಸ ಮಾಡುತ್ತೆ ನೋಡೋಣ. ನೀರಿಗೆ ಇಳಿಯೋ ಭಾಗಕ್ಕೆ ಟ್ರಾನ್ಸ್‌ಡ್ಯೂಸರ್ ಅಂತಾರೆ. ಅದು ನಮ್ಮ ಕಿವಿಗೆ ಕೇಳದ ಶಬ್ದ ಕೆಳಗೆ ಕಳಿಸುತ್ತೆ, ತಳಕ್ಕೆ ತಗುಲಿ ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ಲೆಕ್ಕ ಹಾಕುತ್ತೆ. ಶಬ್ದ ನೀರಲ್ಲಿ ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತೆ, ಹಾಗಾಗಿ ಉತ್ತರ ಕಣ್ಣು ಮಿಟುಕಿಸೋದ್ರೊಳಗೆ ಸಿಗುತ್ತೆ. ಶಬ್ದ ಹೋಗೋದು ಟಾರ್ಚ್ ಬೆಳಕಿನ ಹಾಗೆ, ಕೆಳಗೆ ಹೋದಷ್ಟೂ ಅಗಲ ಆಗ್ತಾ. 20 ಡಿಗ್ರಿ ಕೋನದ ಯಂತ್ರ 30 ಅಡಿ ಆಳದಲ್ಲಿ ಹತ್ತೂವರೆ ಅಡಿ ಅಗಲದ ಜಾಗ ನೋಡುತ್ತೆ. 60 ಡಿಗ್ರಿಯದು ಸುಮಾರು 35 ಅಡಿ ನೋಡುತ್ತೆ. ಅಗಲ ಜಾಸ್ತಿ ಇದ್ರೆ ಒಳ್ಳೇದಲ್ವಾ ಅಂತೀರ. ಅಲ್ಲ. ಬೊಡ್ಡೆ ಅಷ್ಟಗಲದಲ್ಲಿ ಎಲ್ಲಿದೆ ಅಂತ ಅದು ಹೇಳಲ್ಲ. ಬಲೆ ಬಿಡೋರಿಗೆ ಸಣ್ಣ ಕೋನವೇ ಬೇಕು.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತು. 6 ಅಡಿ ನೀರಲ್ಲಿ ಸಣ್ಣ ಕೋನ ನೋಡೋದು ಬರೀ 2 ಅಡಿ ಅಗಲ. ಹುಣಸೂರಲ್ಲಿ ಬೇಸಿಗೆಯ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣದ ಕಡೆಯ ತೆಳು ನೀರಿನ ಕೆರೆಗಳು, ಇವಕ್ಕೆ ಈ ದುಡ್ಡು ಹಾಕಬೇಡಿ. ಅಲ್ಲಿ ಒಂದು ಬಿದಿರು ಗಳ ಸಾಕು.

ಸರಿ, ಜೋಡಿಸೋದು ಹೆಂಗೆ? ಎರಡು ಥರ ಸಿಗುತ್ತೆ.

ಒಂದು, ತೇಲೋ ಚೆಂಡು. ವೈರ್ ಇಲ್ಲ, ತನ್ನದೇ ವೈಫೈಯಿಂದ ಫೋನಿಗೆ ಸೇರುತ್ತೆ. ನಾಲ್ಕೈದು ಅಡಿ ಗಟ್ಟಿ ದಾರದಲ್ಲಿ ತೆಪ್ಪದ ಅಂಚಿಗೆ ಕಟ್ಟಿ. ಹುಟ್ಟು ಹಾಕೋರ ಬೆನ್ನ ಹಿಂದೆ ಕಟ್ಟಬೇಕು, ಇಲ್ಲಾಂದ್ರೆ ತೆಪ್ಪ ತಿರುಗಿದಾಗ ದಾರ ಹುಟ್ಟಿಗೆ ಸುತ್ಕೊಳ್ಳುತ್ತೆ. ಆ ವೈಫೈಯಲ್ಲಿ ಇಂಟರ್ನೆಟ್ ಇರಲ್ಲ, ಅದಕ್ಕೆ ಕೆಲವು ಫೋನು ತಾನಾಗೇ ಬಿಟ್ಟು ಮೊಬೈಲ್ ಡೇಟಾಗೆ ಹಾರುತ್ತೆ. ಡೇಟಾ ಆಫ್ ಮಾಡಿ, ಲೊಕೇಶನ್ ಆನ್ ಇಡಿ. ಆ್ಯಪ್ ಅಪ್ಡೇಟ್ ಏನಿದ್ರೂ ಮನೇಲೇ ಮುಗಿಸ್ಕೊಂಡು ಹೋಗಿ.

ಎರಡನೇದು, ಸ್ಕ್ರೀನು, ವೈರು, ಬೇರೆ ಬ್ಯಾಟರಿ ಇರೋದು. ಇದಕ್ಕೆ 12 ವೋಲ್ಟಿನ ಬ್ಯಾಟರಿ ಬೇಕು, ಯುಪಿಎಸ್‌ಗೆ ಹಾಕ್ತಾರಲ್ಲ, 7 ಆಂಪಿಯರ್ ಅವರ್‌ದು, ಅದು ನಡೆಯುತ್ತೆ. ಯಂತ್ರ ಅರ್ಧ ಆಂಪಿಯರ್ ಎಳೆಯುತ್ತೆ ಅಂದ್ಕೊಳ್ಳಿ, ಲೆಕ್ಕಕ್ಕೆ 14 ಗಂಟೆ. ಆದರೆ ಲೆಡ್ ಬ್ಯಾಟರಿ ಪೂರ್ತಿ ಖಾಲಿ ಮಾಡಿದ್ರೆ ಬೇಗ ಹಾಳಾಗುತ್ತೆ, ಹಾಗಾಗಿ 7 ಗಂಟೆ ಅಂತ ಇಟ್ಕೊಳ್ಳಿ. ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬದಲ್ಲಿಡಿ, ಪ್ಲಸ್ ವೈರಿಗೆ ಫ್ಯೂಸ್ ಇರಲೇಬೇಕು.

ಟ್ರಾನ್ಸ್‌ಡ್ಯೂಸರನ್ನ ತೆಪ್ಪದೊಳಗೆ ಅಂಟಿಸ್ತೀನಿ ಅಂದ್ರೆ, ಬಿದಿರು ಹೆಣೆದು ಟಾರ್ಪಾಲ್ ಹೊದಿಸಿದ ತೆಪ್ಪದಲ್ಲಿ ಅದು ಆಗಲ್ಲ. ಮಧ್ಯೆ ಗಾಳಿ ಇರುತ್ತೆ, ಶಬ್ದ ಗಾಳಿಗೇ ಬಡಿದು ವಾಪಸ್ ಬರುತ್ತೆ. ತೂತು ಮಾಡೋ ಯೋಚನೆ ಅಂತೂ ಬೇಡವೇ ಬೇಡ. ನೇರ ಇರೋ ಒಂದು ಕೋಲು ತಗೊಂಡು, ತುದಿಗೆ ಟ್ರಾನ್ಸ್‌ಡ್ಯೂಸರ್ ಬಿಗಿದು, ತೆಪ್ಪದ ಅಂಚಿಗೆ ಎರಡು ಕಡೆ ಕಟ್ಟಿ. ಅದು ತೆಪ್ಪದ ತಳಕ್ಕಿಂತ ಸ್ವಲ್ಪ ಕೆಳಗಿರಲಿ, ಮುಖ ನೇರ ಕೆಳಗೇ ನೋಡ್ಲಿ. ವಾರೆ ಆದ್ರೆ ಆಳ ತಪ್ಪು ತೋರಿಸುತ್ತೆ. ದಡಕ್ಕೆ ಬರೋ ಮುಂಚೆ ಕೋಲು ಎತ್ಕೊಳ್ಳೋಕೆ ಸುಲಭ ಇರಬೇಕು.

ಇನ್ನು ಸೆಟ್ಟಿಂಗ್ಸ್. ಅಳತೆ ಅಡಿಯಲ್ಲಿ ಇಡಿ, ಯಾಕಂತ ಆಮೇಲೆ ಹೇಳ್ತೀನಿ. ಟ್ರಾನ್ಸ್‌ಡ್ಯೂಸರ್ ನೀರಿನ ಮೇಲ್ಮಟ್ಟದಿಂದ 1 ಅಡಿ ಕೆಳಗಿದ್ರೆ ಆ 1 ಅಡಿ ಸೇರಿಸಿ. ಮೀನಿನ ಚಿತ್ರ ತೋರಿಸೋ ಆಯ್ಕೆ ಆಫ್ ಮಾಡಿ. ಮೀನಿನ ಹೊಟ್ಟೆಯಲ್ಲಿರೋ ಗಾಳಿ ಚೀಲಕ್ಕೆ ಶಬ್ದ ಚೆನ್ನಾಗಿ ಬಡಿಯುತ್ತೆ ನಿಜ, ಆದರೆ ನೀರ್ಗುಳ್ಳೆಗೂ, ಕೊಂಬೆಗೂ ಬಡಿಯುತ್ತೆ. ಯಂತ್ರ ಎಲ್ಲಕ್ಕೂ ಮೀನಿನ ಚಿತ್ರ ಹಾಕಿಬಿಡುತ್ತೆ. ಸ್ಕ್ರೀನಿನ ಬಲ ಅಂಚು ಈಗಿನದು, ಎಡಗಡೆ ಇರೋದೆಲ್ಲ ದಾಟಿ ಬಂದದ್ದು. ಗಟ್ಟಿ ತಳ ದಪ್ಪ ಗೆರೆ ಆಗಿ ಕಾಣುತ್ತೆ, ಹೂಳು ಮಬ್ಬು. ತಳಕ್ಕೆ ಅಂಟಿಕೊಂಡು ಮೇಲಕ್ಕೆ ಎದ್ದಿರೋದು ಬೊಡ್ಡೆಯೋ ಬಂಡೆಯೋ ಇರುತ್ತೆ. ಮೊದಲ ದಿನ ಹಗ್ಗಕ್ಕೆ ಕಲ್ಲು ಕಟ್ಟಿ, ಮೂರು ಕಡೆ ಇಳಿಸಿ, ಯಂತ್ರ ಹೇಳಿದ ಆಳ ಸರಿ ಇದೆಯಾ ತಾಳೆ ನೋಡಿ.

ಈಗ ನಾನು ಕಾಮರ್ಸ್ ಓದಿದ್ದಕ್ಕೆ ಸಾರ್ಥಕ ಆಗೋ ಭಾಗ! ಡ್ಯಾಮ್ ಲೆವೆಲ್ ದಿನಾ ವಾಟ್ಸಾಪಲ್ಲಿ ಬರುತ್ತಲ್ಲ, ಕಬಿನಿ ಗರಿಷ್ಠ 2,284 ಅಡಿ, ಕೆಆರ್‌ಎಸ್ 124.80 ಅಡಿ ಅಂತ, ಅದು ಇಲ್ಲಿ ಬೇಕು. ಇವತ್ತು ಕಬಿನಿ 2,280 ಅಡಿ ಇದೆ, ಬೊಡ್ಡೆಯ ತಲೆ 20 ಅಡಿ ಕೆಳಗೆ ಕಾಣ್ತು ಅಂದ್ಕೊಳ್ಳಿ. ಹಾಗಾದ್ರೆ ಅದು ಇರೋದು 2,260ರಲ್ಲಿ. ನೀರು ಇಳಿದು 2,268 ಆದ ದಿನ ಅದೇ ಬೊಡ್ಡೆ 8 ಅಡಿಯಲ್ಲಿರುತ್ತೆ. 2,261 ಆದ್ರೆ ತೆಪ್ಪಕ್ಕೇ ಅಪಾಯ. ಅದಕ್ಕೇ ಜಾಗ ಗುರುತು ಹಾಕುವಾಗ ಆಳ ಬರೀಬೇಡಿ, 2,260 ಅಂತ ಬರೀರಿ. ವರ್ಷಪೂರ್ತಿ ನಡೆಯೋ ಲೆಕ್ಕ ಅದು.

ದುಡ್ಡಿನ ಲೆಕ್ಕವೂ ಹೀಗೇ. ಹೋದ ವರ್ಷ ಬೊಡ್ಡೆಗೆ ಸಿಕ್ಕಿ ಎಷ್ಟು ಬಲೆ ಹೋಯ್ತು, ರಿಪೇರಿಗೆ ಎಷ್ಟು ದಿನ ಹೋಯ್ತು ಅಂತ ಅಪ್ಪನ್ನ ಕೇಳಿ. ಯಂತ್ರದ ಬೆಲೇನ ಅದರ ಪಕ್ಕ ಇಡಿ. ಎರಡು ವರ್ಷದಲ್ಲಿ ವಾಪಸ್ ಬರೋ ಹಾಗಿಲ್ಲ ಅಂದ್ರೆ ಒಬ್ಬರೇ ತಗೋಬೇಡಿ, ನಾಲ್ಕು ಮನೆ ಸೇರಿ ತಗೊಳ್ಳಿ. ಮೀನು ಸಿಗೋ ಜಾಗ ಗುಟ್ಟಾಗಿ ಇಟ್ಕೊಳ್ಳಿ, ನಂದೇನೂ ತಕರಾರಿಲ್ಲ. ಬೊಡ್ಡೆ ಇರೋ ಜಾಗ ಮಾತ್ರ ಎಲ್ಲರಿಗೂ ಹೇಳಿ.

ಮೂರು ಎಚ್ಚರಿಕೆ. ಲೈಫ್ ಜಾಕೆಟ್ ಇಲ್ಲದಿದ್ರೆ ಮೊದಲು ಅದನ್ನ ತನ್ನಿ, ಯಂತ್ರ ಆಮೇಲೆ. ತೆಪ್ಪದಲ್ಲಿ ಒಬ್ಬರು ಹುಟ್ಟು ಹಾಕ್ಲಿ, ಇನ್ನೊಬ್ಬರು ಸ್ಕ್ರೀನ್ ನೋಡ್ಲಿ, ಎರಡೂ ಕೆಲಸ ಒಬ್ಬರೇ ಮಾಡೋಕೆ ಹೋಗಿ ಒಂದು ಕಡೆ ವಾಲಬೇಡಿ. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಇರೋ ಕಡೆ ಮಾತ್ರ ಬಲೆ ಬಿಡಿ. ನಾಗರಹೊಳೆ, ಬಂಡೀಪುರ ಕಾಡಿನ ದಡಕ್ಕೆ ಯಂತ್ರ ಇದೆ ಅಂತ ಹೋಗೋಕಾಗಲ್ಲ. ಹಾಂ, ಮಳೆ ಶುರುವಾದಾಗ ಕಾಟ್ಲಾ, ರೋಹು ಮೊಟ್ಟೆ ಇಡೋ ಕಾಲ, ಆಗ ಸ್ಕ್ರೀನಲ್ಲಿ ಕಂಡ್ರೂ ಬಿಟ್ಟುಬಿಡಿ.

ಮೊದಲ ದಿನ ಬಲೆ ಇಲ್ಲದೆ ಹೋಗಿ. ಫೋನ್ ನಿಮ್ಮ ಕೈಯಲ್ಲಿರ್ಲಿ, ಅಪ್ಪ ಜೊತೆಗಿರ್ಲಿ. ತಳ ಏಳೋದು, ಇಳಿಯೋದು ಕಂಡಾಗೆಲ್ಲ "ಇಲ್ಲೇನಿತ್ತು?" ಅಂತ ಕೇಳಿ. ಹಳೇ ರಸ್ತೆ, ಬಾವಿ, ಆಲದ ಮರ, ಯಾರದೋ ಗದ್ದೆ, ಏನು ಹೇಳ್ತಾರೋ ಅದನ್ನೇ ಮ್ಯಾಪಲ್ಲಿ ಕನ್ನಡದಲ್ಲಿ ಹೆಸರಿಡಿ. ಆ ಹೆಸರುಗಳು ಆ್ಯಪಲ್ಲಿ ಬರಲ್ಲ, ಅವರ ತಲೇಲಿವೆ. ಸರಿ, ಮುಂದಿನ ವಾರ ಸಿಗೋಣ. ಹುಷಾರಾಗಿ ಹೋಗ್ಬನ್ನಿ.