ನಮ್ಮ ಸೀಮೆ ಎಲ್ಲಿಯವರೆಗೆ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಯಲ್ಲಿ ಓದಿ, ಮುಂದೆ ಬಿ.ಇ. ಮುಗಿಸಿ, ಈಗ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅಲ್ಲಿಂದಲೇ ಶುರು ಮಾಡುತ್ತೇನೆ. ಕಂಪ್ಯೂಟರಿಗೆ ವಿಳಾಸ ಕೊಡುವಾಗ ಒಂದು ಊರಿಗೆ ಒಂದೇ ಜಿಲ್ಲೆ ಇರಬೇಕು. ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂದರೆ ಅದು ಒಪ್ಪುವುದಿಲ್ಲ.

ನಮ್ಮ ಕೋಡಿಹಳ್ಳಿಗೆ ಎಷ್ಟು ಜಿಲ್ಲೆ ಆಯಿತು ನೋಡಿ. ಮೊದಲು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ. 2007ರಲ್ಲಿ ರಾಮನಗರ. 2025ರಲ್ಲಿ ಬೆಂಗಳೂರು ದಕ್ಷಿಣ. ಇಲ್ಲಿ ಕೂತಿರುವ ಅಜ್ಜಿಯರು ಮನೆ ಬದಲಿಸದೆ ನಾಲ್ಕು ಜಿಲ್ಲೆ ನೋಡಿದ್ದಾರೆ. ಇಷ್ಟಾದರೂ ಮಧ್ಯಾಹ್ನದ ಮುದ್ದೆ ಬದಲಾಗಲಿಲ್ಲ, ಸೊಪ್ಪಿನ ಸಾರು ಬದಲಾಗಲಿಲ್ಲ. ಹಾಗಾದರೆ ಜಿಲ್ಲೆ ಬೇರೆ, ಸೀಮೆ ಬೇರೆ. ಜಿಲ್ಲೆಯ ಗಡಿ ನಕ್ಷೆಯಲ್ಲಿ ಸಿಗುತ್ತದೆ. ಸೀಮೆಯ ಗಡಿ ಎಲ್ಲಿ ಸಿಗುತ್ತದೆ?

ಮುದ್ದೆಯನ್ನೇ ಹಿಡಿದು ಹೊರಟು ನೋಡೋಣ. ಉತ್ತರಕ್ಕೆ ಹೋದರೆ ಚಿತ್ರದುರ್ಗ, ದಾವಣಗೆರೆಯ ಸುತ್ತ ಮುದ್ದೆಯೂ ಇದೆ, ಜೋಳದ ರೊಟ್ಟಿಯೂ ಇದೆ. ಅದನ್ನು ದಾಟಿದರೆ ರೊಟ್ಟಿಯದೇ ರಾಜ್ಯ. ಕೆಂಪು ಮಣ್ಣು ಕಡಿಮೆಯಾಗಿ ಎರೆ ಭೂಮಿ ಹೆಚ್ಚಾದಂತೆ ರಾಗಿ ಹಿಂದೆ ಸರಿದು ಜೋಳ ಮುಂದೆ ಬರುತ್ತದೆ. ದಕ್ಷಿಣಕ್ಕೆ ಹೋದರೆ ಮುದ್ದೆ ರಾಜ್ಯದ ಗಡಿಯಲ್ಲಿ ನಿಲ್ಲುವುದೇ ಇಲ್ಲ. ಕೃಷ್ಣಗಿರಿ, ಧರ್ಮಪುರಿಯಲ್ಲಿ ಅದೇ ಮುದ್ದೆಗೆ 'ಕಳಿ' ಎನ್ನುತ್ತಾರೆ. ಭಾಷೆ ಬದಲಾಯಿತು, ಊಟ ಬದಲಾಗಲಿಲ್ಲ.

ಈಗ ದೇವರನ್ನು ಹಿಡಿದು ಹೊರಡೋಣ. ಶಿವರಾತ್ರಿ ಬಂದರೆ ನಮ್ಮ ಕನಕಪುರದ ಕಡೆಯಿಂದ ಸಾವಿರಾರು ಜನ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತಾರೆ. ಸಂಗಮದ ಹತ್ತಿರ ಕಾವೇರಿ ದಾಟಿ, ಕಾಡಿನ ದಾರಿ ಹಿಡಿದು, 'ಉಘೇ ಮಾದಪ್ಪ' ಎನ್ನುತ್ತಾ ನಡೆಯುತ್ತಾರೆ. ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು: 1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮಾದಪ್ಪನ ಬೆಟ್ಟ ಆ ತಾಲ್ಲೂಕಿಗೇ ಸೇರಿತ್ತು. ಹೊಳೆಯ ಈಚೆ ದಡ ಮೈಸೂರು ರಾಜ್ಯ, ಆಚೆ ದಡ ಮದ್ರಾಸು. ಸರ್ಕಾರಕ್ಕೆ ಕಾವೇರಿ ಗಡಿಯಾಗಿತ್ತು. ಒಕ್ಕಲಿಗೆ ಅದು ದಾರಿಯಲ್ಲಿ ದಾಟಬೇಕಾದ ಒಂದು ಹೊಳೆ, ಅಷ್ಟೆ. ರಾಜ್ಯಗಳು ಒಂದಾಗುವ ಮುಂಚೆಯೇ ಮಾದಪ್ಪ ಎರಡು ದಡವನ್ನೂ ಒಂದು ಸೀಮೆ ಮಾಡಿಬಿಟ್ಟಿದ್ದ. ಇಂದಿಗೂ ಆ ಬೆಟ್ಟಕ್ಕೆ ತಮಿಳುನಾಡಿನ ಒಕ್ಕಲು ಬರುತ್ತಾರೆ.

ಮೂರನೆಯದು ಮಾತು. ನಾವು 'ಕಡ್ಲೆಕಾಯಿ' ಎನ್ನುವುದನ್ನು ಉತ್ತರದವರು 'ಶೇಂಗಾ' ಎನ್ನುತ್ತಾರೆ. ಇತ್ತ ತಮಿಳುನಾಡಿನ ತಾಳವಾಡಿಯಲ್ಲಿ ಮನೆಮಾತೇ ಕನ್ನಡ. ಅಂದರೆ ಊಟದ ಗಡಿ ಒಂದು ಕಡೆ, ದೇವರ ಗಡಿ ಇನ್ನೊಂದು ಕಡೆ, ಮಾತಿನ ಗಡಿ ಮತ್ತೊಂದು ಕಡೆ. ಮೂರೂ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಹಳೇ ಮೈಸೂರು, ಮಲೆನಾಡು, ಕರಾವಳಿ, ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗ ಒಂದು ಗೆರೆಯಲ್ಲ, ಹತ್ತಾರು ಊರುಗಳಷ್ಟು ಅಗಲ. ಕೋಡಿ ಎಂದರೆ ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೆರೆ ಅಲ್ಲಿಗೆ ಮುಗಿಯುತ್ತದೆ, ನೀರು ಮುಗಿಯುವುದಿಲ್ಲ, ಕೆಳಗಿನ ಕೆರೆಗೆ ಹರಿಯುತ್ತದೆ. ಸೀಮೆಯ ಅಂಚೂ ಹಾಗೆಯೇ.

ಇಷ್ಟೆಲ್ಲ ಇವತ್ತು ಯಾಕೆ ಹೇಳಿದೆ ಎಂದರೆ, ನಮ್ಮ ಜಿಲ್ಲೆಯ ಹೆಸರಿನಲ್ಲಿ ಈಗ ಮತ್ತೆ ಬೆಂಗಳೂರು ಬಂದಿದೆ. ರಸ್ತೆ, ಕೆಲಸ, ಜಮೀನಿನ ಬೆಲೆ, ಎಲ್ಲದರ ಮಾತೂ ನಡೆಯುತ್ತಿದೆ. ಬರುವುದು ಬರಲಿ. ನನ್ನ ಚಿಂತೆ ಬೇರೆ. ನಮ್ಮ ಕಡೆಯ ಹುಡುಗರು ಬೆಂಗಳೂರಿಗೆ ಬಂದ ಆರು ತಿಂಗಳಿಗೆ ತಮ್ಮ ಮಾತು ಮುಚ್ಚಿಡುವುದನ್ನು ನೋಡಿದ್ದೇನೆ. 'ಆಲು', 'ಅಳ್ಳಿ' ಎಂದರೆ ಯಾರಾದರೂ ನಗುತ್ತಾರೆ ಎಂಬ ಭಯ. ಹಳಗನ್ನಡದಲ್ಲಿ 'ಪಾಲ್' ಇತ್ತು, 'ಪಳ್ಳಿ' ಇತ್ತು. ತಮಿಳಿನವರು ಈಗಲೂ 'ಪಾಲ್' ಎನ್ನುತ್ತಾರೆ. ಕನ್ನಡದಲ್ಲಿ ಪಕಾರ ಹೋಗಿ ಹಕಾರ ಬಂತು, ಹಾಲಾಯಿತು, ಹಳ್ಳಿಯಾಯಿತು. ನಮ್ಮ ಸೀಮೆಯ ಬಾಯಲ್ಲಿ ಆ ಹಕಾರವೂ ಹೋಯಿತು. ಇದು ದಡ್ಡತನವಲ್ಲ, ಭಾಷೆ ನಡೆದ ದಾರಿ. ಬರೆಯುವಾಗ ಹಕಾರ ಬೇಕೇ ಬೇಕು, ಇಲ್ಲದಿದ್ದರೆ ನಮ್ಮ ಕನ್ನಡ ಮೇಷ್ಟ್ರು ಬಿಡುವುದಿಲ್ಲ. ಮನೆಯಲ್ಲಿ ಅಜ್ಜಿಯ ಜೊತೆ ಮಾತಾಡಲು ನಾಚಿಕೆ ಬೇಡ.

ಜಿಲ್ಲೆಯ ಗಡಿ ಬದಲಾಗಲು ಸರ್ಕಾರದ ಆದೇಶ ಬೇಕು. ಸೀಮೆಯ ಗಡಿ ಹಿಂದೆ ಸರಿಯಲು ಯಾವ ಆದೇಶವೂ ಬೇಡ. ಒಂದು ಮನೆಯಲ್ಲಿ ಪದ ಹಾಡುವುದು ನಿಂತರೆ, ಒಂದು ಮಗು ಅಜ್ಜಿಯ ಮಾತಿಗೆ ನಾಚಿದರೆ, ಅಷ್ಟರಮಟ್ಟಿಗೆ ಸರಿಯುತ್ತದೆ.

ಆದ್ದರಿಂದ ಮಕ್ಕಳಲ್ಲಿ ಒಂದು ಕೋರಿಕೆ. ಈ ವರ್ಷ ಒಬ್ಬೊಬ್ಬರೂ ನಿಮ್ಮ ಮನೆಯ ಹಿರಿಯರಿಂದ ಇಪ್ಪತ್ತು ಮಾತು, ಒಂದು ಪದ, ಒಂದು ಅಡುಗೆ ಕೇಳಿ ಬರೆದುಕೊಳ್ಳಿ. ಅವರ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡಿ. ಅದನ್ನೆಲ್ಲ ಜೋಡಿಸಿ ಶಾಲೆಯಲ್ಲಿ ಕಾಪಾಡುವ ಕಂಪ್ಯೂಟರ್ ಕೆಲಸ ನನ್ನದು. ನೂರರ ಹಬ್ಬಕ್ಕೆ ಇಲ್ಲಿ ನಿಂತು ಮಾತಾಡುವವರಿಗೆ ನಮ್ಮ ಸೀಮೆ ಎಲ್ಲಿತ್ತು ಎಂದು ಹುಡುಕುವ ಕಷ್ಟ ಬರಬಾರದು.