ಸರಿ ಹೋಗಬೇಕಾದ್ದು ಹುಡುಗ ಒಬ್ಬನೇನಾ?

ಇವತ್ತಿನ ವಿಷ್ಯ ಫ್ಯಾಮಿಲಿ ಥೆರಪಿ.

ನನ್ನ ಚಿಕ್ಕಮ್ಮನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಮನೆಯವರ ಜೊತೆ ಮಾತೇ ಬಿಟ್ಟಿದ್ದ. ಒಂದಿನ ಮನೆ ಬಿಟ್ಟೂ ಹೋದ, ಎರಡು ದಿನದ ಮೇಲೆ ಸಿಕ್ಕಿದ. ಅವನೇ ಹೇಳು ಅಂದಿದ್ದಕ್ಕೆ ಹೇಳ್ತಿದ್ದೀನಿ.

"ಇವನನ್ನ ಸರಿ ಮಾಡಿ" ಅಂತ ಚಿಕ್ಕಪ್ಪ ಥೆರಪಿಸ್ಟ್ ಹತ್ರ ಕರ್ಕೊಂಡು ಹೋದ್ರು. ಅವರು ಮೂವರನ್ನೂ ಕೂರಿಸಿದ್ರು. ಹುಡುಗನಿಗೆ ಕೇಳಿದ್ದಕ್ಕೆಲ್ಲ ಚಿಕ್ಕಮ್ಮನೇ ಉತ್ತರ ಕೊಡ್ತಿದ್ರು. "ನೀವು ಸ್ವಲ್ಪ ಸುಮ್ಮನಿರಿ, ಅವನು ಅಪ್ಪನಿಗೇ ಹೇಳಲಿ" ಅಂದ್ರು ಥೆರಪಿಸ್ಟ್. ಬಹಳ ಹೊತ್ತಾದ ಮೇಲೆ ಬಾಯಿ ಬಿಟ್ಟ: "ಅಪ್ಪಾ, ನೀವು ಮಾರ್ಕ್ಸ್ ಬಿಟ್ಟು ಬೇರೇನೂ ಕೇಳಲ್ಲ."

ಅಮೆರಿಕದಲ್ಲಿ ಕೆಲಸ ಮಾಡಿದ ಮನೋವೈದ್ಯ ಸಾಲ್ವಡಾರ್ ಮಿನುಚಿನ್ 1974ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ರು. ತೊಂದರೆ ಮಗುವಿನೊಳಗಷ್ಟೇ ಇರಲ್ಲ, ಮನೆಯವರು ಪರಸ್ಪರ ನಡ್ಕೊಳ್ಳೋ ರೀತಿಯಲ್ಲೂ ಇರುತ್ತೆ ಅನ್ನೋದು ಅವರ ವಾದ.

ಇವರ ಮನೆಗೆ ಸಿಕ್ಕಿದ ಹೋಮ್‌ವರ್ಕ್: ರಾತ್ರಿ ಒಟ್ಟಿಗೆ ಊಟ, ಓದಿನ ಮಾತು ಬೇಡ. ಮೊದಲ ವಾರ ಬರೀ ಮೌನ. ಈಗ ಕ್ರಿಕೆಟ್ ವಿಷ್ಯಕ್ಕೆ ಅಪ್ಪ-ಮಗ ಜಗಳ ಆಡ್ತಾರೆ. ಎಲ್ಲ ಸರಿಹೋಗಿಲ್ಲ, ಆದರೆ ಮಾತು ಶುರುವಾಗಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಇದೆ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ. ಮನೇಲಿ ಮಕ್ಕಳಿಗೆ ಹೊಡೆತ ಬೀಳ್ತಿದ್ರೆ ಮೊದಲು ಮಕ್ಕಳ ಸಹಾಯವಾಣಿ 1098.