ಚರಿತ್ರೆಯ ಯುದ್ಧ ಸಿನಿಮಾಗಳು ಯಾರ ಪರ?

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಉಳಿತಾಯ, ಸಾಲ, ಕಂತು ಇವುಗಳ ನಡುವೆ ಸಿನಿಮಾದ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ವರದಕ್ಷಿಣೆ, ಹೊಡೆತ ಬಡಿತದ ಬಗ್ಗೆ ಮಾತಾಡಲು ಸೇರುವ ನಾವು ರಾಜ ರಾಣಿಯರ ಯುದ್ಧದ ಚಿತ್ರಗಳ ಬಗ್ಗೆ ಯಾಕೆ ಮಾತಾಡಬೇಕು? ಮಾತಾಡಲೇಬೇಕು. ಯಾಕೆಂದರೆ ಗಂಡಸುತನ ಎಂದರೇನು, ಹೆಣ್ಣಿನ ಮಾನ ಎಂದರೇನು, ನಮ್ಮ ವೈರಿ ಯಾರು ಎಂಬ ಪಾಠಗಳನ್ನು ನಮ್ಮ ಮಕ್ಕಳು ಈಗ ಶಾಲೆಯಲ್ಲಿ ಕಲಿಯುವುದಕ್ಕಿಂತ ಹೆಚ್ಚಾಗಿ ಈ ಚಿತ್ರಗಳಿಂದ ಕಲಿಯುತ್ತಿದ್ದಾರೆ. ಮೊದಲು ಪೇಟೆಯ ಟಾಕೀಸಿಗೆ ಹೋಗಬೇಕಿತ್ತು. ಈಗ ಸಿನಿಮಾ ಮಗನ ಅಂಗೈಯ ಮೊಬೈಲಿನಲ್ಲೇ ಇದೆ.

ಹಳೆಯ ಯುದ್ಧಗಳ ಚಿತ್ರ ಇವತ್ತಿನ ರಾಜಕೀಯದ ಪ್ರಚಾರವೇ? ನನ್ನ ಉತ್ತರ: ಬಹುಮಟ್ಟಿಗೆ ಹೌದು. ಪ್ರಚಾರ ಎಂದ ಕೂಡಲೇ ಸುಳ್ಳು ಎಂದು ತಿಳಿಯಬೇಡಿ. ಬಹಳ ಸಲ ಅದು ನಡೆದ ಸಂಗತಿಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ, ಬೇಡವಾದ್ದನ್ನು ಮುಚ್ಚಿಡುತ್ತದೆ. ಏನನ್ನು ಮುಚ್ಚಿಟ್ಟಿತು ಎಂದು ಕೇಳುವುದು ನಮ್ಮ ಕೆಲಸ.

ದೂರದ ಉದಾಹರಣೆ ಬೇಡ, ನಮ್ಮ ಜಿಲ್ಲೆಯದನ್ನೇ ತೆಗೆದುಕೊಳ್ಳೋಣ. 1961ರಲ್ಲಿ ಬಿ.ಆರ್. ಪಂತುಲು ಅವರು 'ಕಿತ್ತೂರು ಚೆನ್ನಮ್ಮ' ಚಿತ್ರ ಮಾಡಿದರು. ಬಿ. ಸರೋಜಾದೇವಿ ಚೆನ್ನಮ್ಮನಾದರು, ರಾಜ್‌ಕುಮಾರ್ ಮಲ್ಲಸರ್ಜನಾದರು. ಆ ಚಿತ್ರದಲ್ಲಿ ರಾಣಿ ಕಂಪನಿ ಸರ್ಕಾರಕ್ಕೆ ಕಪ್ಪ ಕೊಡುವುದಿಲ್ಲ ಎಂದು ಗುಡುಗುವ ಮಾತು ಇವತ್ತಿಗೂ ಶಾಲೆಯ ವೇಷಭೂಷಣ ಸ್ಪರ್ಧೆಗಳಲ್ಲಿ ನಮ್ಮ ಹುಡುಗಿಯರ ಬಾಯಲ್ಲಿದೆ. ಕಟ್ಟಿಗೆಯ ಕತ್ತಿ ಹಿಡಿದು ಆ ಮಾತು ಆಡುವ ಹುಡುಗಿಯನ್ನು ಕಂಡರೆ ಎದೆ ಉಬ್ಬುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಜಗಳ ನಿಜವಾಗಿ ಯಾವುದಕ್ಕೆ ಹತ್ತಿತು? 1818ರ ನಂತರ ಕಿತ್ತೂರು ಸಂಸ್ಥಾನ ಕಂಪನಿಗೆ ವರ್ಷ ವರ್ಷ ಕಪ್ಪ ಕಟ್ಟುತ್ತಲೇ ಇತ್ತು. 1824ರ ಸೆಪ್ಟೆಂಬರಿನಲ್ಲಿ ಚೆನ್ನಮ್ಮನ ಮಲಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಒಬ್ಬ ಹುಡುಗನನ್ನು ದತ್ತು ಮಾಡಿಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಅರಮನೆಯ ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ಮನೆಯಲ್ಲಿ ಇಬ್ಬರು ವಿಧವೆಯರು: ಅತ್ತೆ ಚೆನ್ನಮ್ಮ, ಸೊಸೆ ವೀರಮ್ಮ. ಈ ಮನೆಗೆ ಮಗನನ್ನು ತೆಗೆದುಕೊಳ್ಳುವ ಹಕ್ಕು ನಿಮಗಿಲ್ಲ, ಖಜಾನೆಯ ಕೀಲಿಕೈ ನಿಮ್ಮದಲ್ಲ ಎಂದು ಕಂಪನಿ ಹೇಳಿತು. ಅದನ್ನು ಚೆನ್ನಮ್ಮ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಯುದ್ಧ ನಡೆದು ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಗೆದ್ದಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮ ಕಣ್ಣು ಮುಚ್ಚಿದಳು.

ಗಂಡಸರಿಲ್ಲದ ಮನೆಯಲ್ಲಿ ಆಸ್ತಿ ಯಾರದು, ಕೀಲಿಕೈ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಇದು. ಗಂಡ ಸತ್ತ ಮೇಲೆ ಭಾವ ಮೈದುನರು ಉತಾರದಿಂದ ಹೆಸರು ತೆಗೆಸಿದ ಹೆಣ್ಣುಮಕ್ಕಳು ನಮ್ಮ ಪ್ರತಿ ಸಂಘದಲ್ಲೂ ಇದ್ದಾರೆ. ಈ ಪ್ರಶ್ನೆ ಅವರಿಗೆ ಬೇಗ ತಿಳಿಯುತ್ತದೆ. ಆದರೆ ನಮ್ಮ ಬಾಯಲ್ಲಿ ಉಳಿದದ್ದು ಕೀಲಿಕೈಯ ಮಾತಲ್ಲ, ಕಪ್ಪದ ಮಾತು. ಯಾಕೆ? ಇದೇ ಪಂತುಲು ಅವರು ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ 'ವೀರಪಾಂಡ್ಯ ಕಟ್ಟಬೊಮ್ಮನ್' ಮಾಡಿದ್ದರು. ಅಲ್ಲಿಯೂ ಪಾಳೇಗಾರ ಕಂಪನಿಯ ಅಧಿಕಾರಿಯ ಮುಂದೆ ಕಪ್ಪ ಕೊಡೆನೆಂದು ಆರ್ಭಟಿಸುತ್ತಾನೆ. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷ, ಕನ್ನಡ ನಾಡು ಒಂದಾಗಿ ಐದೇ ವರ್ಷ ಆಗಿದ್ದ ಕಾಲ ಅದು. ಹೊಸ ದೇಶಕ್ಕೆ, ಹೊಸ ರಾಜ್ಯಕ್ಕೆ ಒಬ್ಬ ವೀರರಾಣಿ ಬೇಕಾಗಿದ್ದಳು. ವಿಧವೆಯ ಹಕ್ಕಿನ ಜಗಳಕ್ಕೆ ಸಿಗದ ಚಪ್ಪಾಳೆ ಕಪ್ಪದ ಜಗಳಕ್ಕೆ ಸಿಗುತ್ತದೆ.

ಅದೇ 1961ರಲ್ಲಿ ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯಿದೆಯೂ ಬಂತು. ಕಂಪನಿಗೆ ಕಪ್ಪ ಕೊಡಬಾರದೆಂದು ಚಪ್ಪಾಳೆ ತಟ್ಟಿದ ಎಷ್ಟು ಮನೆಗಳು ಬೀಗರಿಗೆ ಕೊಡುವ ಕಪ್ಪವನ್ನು ನಿಲ್ಲಿಸಿದವು? ಬಂಗಾರ, ಮೋಟಾರ್ ಸೈಕಲ್, ರೊಕ್ಕ ಕೊಟ್ಟ ಮೇಲೂ ತೀರದ ಕಪ್ಪ ಅದು.

ಆ ಕಾಲದ ಇನ್ನುಳಿದ ಚಿತ್ರಗಳನ್ನೂ ನೋಡಿ. 'ರಣಧೀರ ಕಂಠೀರವ' 1960ರಲ್ಲಿ, 'ಇಮ್ಮಡಿ ಪುಲಿಕೇಶಿ' 1967ರಲ್ಲಿ, 'ಶ್ರೀ ಕೃಷ್ಣದೇವರಾಯ' 1970ರಲ್ಲಿ, 'ಮಯೂರ' 1975ರಲ್ಲಿ ಬಂದವು. ಹರಿದು ಹಂಚಿದ್ದ ಕನ್ನಡಿಗರಿಗೆ ನಾವು ಒಂದು ಎಂಬ ಭಾವನೆಯನ್ನು ಇವು ಕೊಟ್ಟವು. ನಾಲ್ಕರಲ್ಲೂ ನಾಯಕ ರಾಜ್‌ಕುಮಾರ್. 1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ಅವರು ಮುಂದೆ ನಿಂತರು, ಜನ ಸಾಗರದಂತೆ ಬಂದರು. (ಚಳವಳಿಯ ಹೆಸರು ನಮ್ಮ ಊರಿನದಲ್ಲ, ವರದಿ ಕೊಟ್ಟ ವಿ.ಕೃ. ಗೋಕಾಕರದು.) ತೆರೆಯ ಮೇಲೆ ನಾಡು ಕಾಯುವ ರಾಜನಾಗಿ ಕಂಡವರು ಬೀದಿಯಲ್ಲಿ ನಾಡಿನ ಪರ ನಿಂತಾಗ ಜನರಿಗೆ ಅದು ಬೇರೆ ಬೇರೆ ಅನಿಸಲಿಲ್ಲ. ಸಿನಿಮಾಕ್ಕೂ ರಾಜಕೀಯಕ್ಕೂ ಸಂಬಂಧ ಎಷ್ಟು ಗಟ್ಟಿ ಎಂಬುದಕ್ಕೆ ಇದೇ ಸಾಕ್ಷಿ. ಪ್ರಚಾರವೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯಾವುದಕ್ಕಾಗಿ, ಯಾರನ್ನು ಹೊರಗಿಟ್ಟು ಎಂದು ಕೇಳಬೇಕು ಎನ್ನುತ್ತಿದ್ದೇನೆ.

ಹೊರದೇಶದ ಒಂದು ಸಂಗತಿ ಹೇಳುತ್ತೇನೆ. ರಷ್ಯಾದಲ್ಲಿ 1938ರಲ್ಲಿ 'ಅಲೆಕ್ಸಾಂಡರ್ ನೆವ್ಸ್ಕಿ' ಎಂಬ ಚಿತ್ರ ಬಂತು. 1242ರಲ್ಲಿ ಜರ್ಮನ್ ಸರದಾರರನ್ನು ರಷ್ಯನ್ನರು ಸೋಲಿಸಿದ ಕಥೆ. 1939ರಲ್ಲಿ ರಷ್ಯಾ ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡಿತು. ಕೂಡಲೇ ಚಿತ್ರವನ್ನು ತೆರೆಯಿಂದ ತೆಗೆದರು. 1941ರಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದ. ಚಿತ್ರ ಮತ್ತೆ ತೆರೆಗೆ ಬಂತು. ಏಳು ನೂರು ವರ್ಷದ ಹಿಂದಿನ ಯುದ್ಧ ಬದಲಾಗಿರಲಿಲ್ಲ, ಇವತ್ತಿನ ವೈರಿ ಬದಲಾಗಿದ್ದ.

ಈಗ ನಮ್ಮ ದೇಶಕ್ಕೆ ಬನ್ನಿ. 2025ರ ಫೆಬ್ರವರಿಯಲ್ಲಿ ಸಂಭಾಜಿ ಮಹಾರಾಜರ ಕಥೆಯ 'ಛಾವಾ' ಎಂಬ ಹಿಂದಿ ಚಿತ್ರ ಬಂತು. ಮಧ್ಯಪ್ರದೇಶ ಮತ್ತು ಗೋವಾ ಸರ್ಕಾರಗಳು ಅದಕ್ಕೆ ತೆರಿಗೆ ಬಿಟ್ಟವು. ಚಿತ್ರ ನೋಡಿದ ಜನ ಮಧ್ಯಪ್ರದೇಶದ ಅಸೀರ್‌ಗಢ ಕೋಟೆಯ ಹತ್ತಿರದ ಹೊಲಗಳಲ್ಲಿ ರಾತ್ರಿ ಟಾರ್ಚ್ ಹಿಡಿದು ಮೊಘಲರ ಬಂಗಾರಕ್ಕಾಗಿ ಅಗೆದರು. ಇದನ್ನು ಕೇಳಿ ನಗಬಹುದು. ಆದರೆ ಮಾರ್ಚ್ 17ರಂದು, ಔರಂಗಜೇಬನ ಗೋರಿ ತೆಗೆಯಬೇಕೆಂಬ ಬೇಡಿಕೆಯ ನಡುವೆ, ನಾಗಪುರದಲ್ಲಿ ಗಲಭೆಯಾಯಿತು. ಕರ್ಫ್ಯೂ ಬಿತ್ತು, ಜೀವಹಾನಿಯೂ ಆಯಿತು. ಗಲಭೆಗೆ ಬೇರೆ ಕಾರಣಗಳೂ ಇದ್ದವು. ಆದರೂ ಔರಂಗಜೇಬನ ಮೇಲಿನ ಜನರ ಸಿಟ್ಟನ್ನು ಈ ಚಿತ್ರ ಎಬ್ಬಿಸಿದೆ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡ್ನವಿಸ್ ಅವರೇ ವಿಧಾನಸಭೆಯಲ್ಲಿ ಹೇಳಿದರು. 1707ರಲ್ಲಿ ಸತ್ತವನ ಮೇಲಿನ ಸಿಟ್ಟಿನ ಬಿಸಿ ಇವತ್ತು ಪಕ್ಕದ ಓಣಿಯವರಿಗೆ ತಟ್ಟುತ್ತದೆ. ನಮ್ಮ ಸಂಘಗಳಲ್ಲಿ ಮುಸ್ಲಿಂ ಅಕ್ಕಂದಿರಿದ್ದಾರೆ, ಮನೆಯಲ್ಲಿ ಮರಾಠಿ ಮಾತಾಡುವವರಿದ್ದಾರೆ. ನಮ್ಮ ಜಿಲ್ಲೆ ಮೂರ್ತಿಗಳ ಜಗಳ ಕಂಡ ಜಿಲ್ಲೆ. 2020ರಲ್ಲಿ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಮೂರ್ತಿಗಾಗಿ ಗದ್ದಲವಾಯಿತು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿಯ ಮೂರ್ತಿಗೆ, ಬೆಳಗಾವಿಯಲ್ಲಿ ರಾಯಣ್ಣನ ಮೂರ್ತಿಗೆ ಅವಮಾನವಾಯಿತು. ಹೀಗಾದಾಗ ಬಸ್ಸು ನಿಲ್ಲುತ್ತವೆ, ಸಂತೆ ನಿಲ್ಲುತ್ತದೆ, ಕೂಲಿ ತಪ್ಪುತ್ತದೆ. ನಷ್ಟ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ.

ಇನ್ನು ಹೆಣ್ಣಿನ ಮಾನದ ಮಾತು. ಇಂಥ ಚಿತ್ರಗಳಲ್ಲಿ ಹೆಣ್ಣಿಗೆ ಹೆಚ್ಚಾಗಿ ಮೂರೇ ಕೆಲಸ: ಆರತಿ ಎತ್ತಿ ಗಂಡನನ್ನು ಯುದ್ಧಕ್ಕೆ ಕಳಿಸುವುದು, ವೈರಿಯ ಕೈಗೆ ಸಿಕ್ಕು ಕಿರುಚುವುದು, ಇಲ್ಲವೇ ಸಾಯುವುದು. 2018ರ 'ಪದ್ಮಾವತ್' ಚಿತ್ರದ ಕೊನೆಯಲ್ಲಿ ರಾಣಿಯೂ ಅರಮನೆಯ ಹೆಂಗಸರೂ ಕೆಂಪು ಉಡುಗೆ ತೊಟ್ಟು ಬೆಂಕಿಯ ಕಡೆಗೆ ನಡೆಯುತ್ತಾರೆ. ಅದನ್ನು ಹಬ್ಬದಂತೆ ತೋರಿಸಿದ್ದಾರೆ. ಸತಿಯನ್ನು ವೈಭವೀಕರಿಸುವುದನ್ನು 1987ರ ಕಾಯಿದೆ ಅಪರಾಧವೆಂದಿದೆ. ಅದಕ್ಕೇ ಚಿತ್ರದ ಮೊದಲಲ್ಲಿ ಒಂದು ಸಾಲಿನ ಸೂಚನೆ ಹಾಕಿದರು, ಅಷ್ಟೇ. ಈ ಚಿತ್ರ ರಾಣಿಯ ಮಾನ ಕಳೆಯುತ್ತದೆ ಎಂದು ಬೀದಿಗಿಳಿದವರು ಆ ಪಾತ್ರ ಮಾಡಿದ ನಟಿಯ ಮೂಗು ಕೊಯ್ಯುವುದಾಗಿ ಬೆದರಿಸಿದರು! ಬೆಂಕಿಗೆ ಬಿದ್ದ ರಾಣಿಗೆ ಪೂಜೆ, ಬದುಕಿರುವ ಹೆಣ್ಣಿಗೆ ಬೆದರಿಕೆ. ನಮ್ಮ ದೇಶದಲ್ಲಿ ವರದಕ್ಷಿಣೆಯ ಸಾವುಗಳು ಪೊಲೀಸ್ ಲೆಕ್ಕದ ಪ್ರಕಾರವೇ 2022ರಲ್ಲಿ ಆರು ಸಾವಿರ ದಾಟಿದ್ದವು. ಸುಟ್ಟ ಸೊಸೆಯರನ್ನು ಆಸ್ಪತ್ರೆಯಲ್ಲಿ ನೋಡಿದ ನಮಗೆ ಬೆಂಕಿಯಲ್ಲಿ ಯಾವ ಮಾನವೂ ಕಾಣುವುದಿಲ್ಲ.

ಇನ್ನೊಂದು ಕಥೆ ನಮ್ಮ ಮಣ್ಣಿನದೇ. ರಾಯಣ್ಣನ ಮೇಲೆ 2012ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರ ಬಿಡುಗಡೆಯಾಯಿತು. ರಾಯಣ್ಣನ ಪಾತ್ರ ಮಾಡಿದ ದರ್ಶನ್ ಹಿಂದಿನ ವರ್ಷ, 2011ರ ಸೆಪ್ಟೆಂಬರಿನಲ್ಲಿ, ಹೆಂಡತಿಯನ್ನು ಹೊಡೆದರೆಂಬ ದೂರಿನ ಮೇಲೆ ಬಂಧನಕ್ಕೊಳಗಾಗಿ ಜೈಲಿನಲ್ಲಿದ್ದರು. ಹೆಂಡತಿ ಆಮೇಲೆ ಆರೋಪದಿಂದ ಹಿಂದೆ ಸರಿದರು. ಆಗ ಚಿತ್ರ ನಿರ್ಮಾಪಕರ ಸಂಘ ಏನು ಮಾಡಿತು ಗೊತ್ತೆ? ಆ ಸಂಸಾರ ಕೆಡಲು ಕಾರಣ ಎಂದು ಹೇಳಿ ಅದೇ ಚಿತ್ರದ ನಾಯಕಿಗೆ ಮೂರು ವರ್ಷ ನಿಷೇಧ ಹಾಕಿತು! ಮಹಿಳೆಯರೂ ಚಿತ್ರರಂಗದ ಕೆಲವರೂ ಕೂಗೆಬ್ಬಿಸಿದ ಮೇಲೆ ನಿಷೇಧ ಹಿಂದಕ್ಕೆ ತೆಗೆದುಕೊಂಡರು. ನಾಯಕ ನಟನಿಗೆ ಆ ಪಾತ್ರಕ್ಕಾಗಿ ರಾಜ್ಯ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಂದಗಡದಲ್ಲಿ ನೇಣಿಗೇರಿದ ರಾಯಣ್ಣನಿಗೆ ಇದರಲ್ಲಿ ಏನೂ ಸಂಬಂಧವಿಲ್ಲ, ಪಾಪ. ಆದರೆ ನಾಡಿನ ಹೆಸರಿನಲ್ಲಿ ಕತ್ತಿ ಹಿಡಿದವನಿಗೆ ಮನೆಯೊಳಗಿನ ಮಾತು ಕೇಳಬಾರದು ಎಂಬ ಮನೋಭಾವ ಇದೆಯಲ್ಲ, ಅದಕ್ಕೂ ನಮಗೂ ಸಂಬಂಧ ಇದೆ. ಹಳ್ಳಿಯಲ್ಲೂ ಹಾಗೆಯೇ: ಊರಿಗೆ ಉಪಕಾರಿ ಎನಿಸಿಕೊಂಡವನ ಹೆಂಡತಿ ಅತ್ತರೆ ಪಂಚರು ಅವಳಿಗೇ ಬುದ್ಧಿ ಹೇಳುತ್ತಾರೆ.

ಹಾಗಾದರೆ ಈ ಚಿತ್ರ ನೋಡಬೇಡವೇ? ನೋಡಿ. ಮಕ್ಕಳ ಜೊತೆ ಕೂತು ನೋಡಿ. ನೋಡಿದ ಮೇಲೆ ನಾಲ್ಕು ಪ್ರಶ್ನೆ ಕೇಳಿ. ಈ ಚಿತ್ರ ಈಗಲೇ ಯಾಕೆ ಬಂತು, ಯಾರು ಇದನ್ನು ಹೊಗಳುತ್ತಿದ್ದಾರೆ? ತೆರೆಯ ಮೇಲಿನ ವೈರಿಯ ಹೆಸರಿನಲ್ಲಿ ಇವತ್ತು ಯಾರನ್ನು ವೈರಿ ಮಾಡುತ್ತಿದ್ದಾರೆ? ಹೆಣ್ಣಿಗೆ ಇದರಲ್ಲಿ ಏನು ಕೆಲಸ, ಅವಳು ಬದುಕಿದಳೇ? ಯುದ್ಧ ಮುಗಿದ ಮೇಲೆ ಸತ್ತ ಸಿಪಾಯಿಯ ಮನೆಯವರು ಏನಾದರು? ಈ ನಾಲ್ಕನೆಯ ಪ್ರಶ್ನೆಗೆ ಸಿನಿಮಾಗಳಲ್ಲಿ ಉತ್ತರ ಸಿಗುವುದು ಬಹಳ ಕಡಿಮೆ.

ಚೆನ್ನಮ್ಮನ ಹೆಸರು ಹೇಳುವವರು ಬಹಳ. ಅವಳ ಜಗಳವನ್ನು ಮುಂದುವರಿಸುವವರು ಬೇಕು. ಗಂಡ ಸತ್ತವಳ ಹೆಸರು ಉತಾರದಲ್ಲಿ ಉಳಿಯಬೇಕು. ಹೊಡೆತ ತಿಂದವಳು ಅದೇ ಮನೆಯಲ್ಲಿ ಇರುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಕೊಟ್ಟಿದೆ, ಅದನ್ನು ಕೇಳಿ ಪಡೆಯಬೇಕು. ಸಹಾಯಕ್ಕೆ 181 ಇದೆ, ಅದಕ್ಕಿಂತ ಮೊದಲು ನಿಮ್ಮ ಸಂಘವೇ ಇದೆ. ಶಾಲೆಯಲ್ಲಿ ಚೆನ್ನಮ್ಮನ ವೇಷ ಹಾಕಿದ ಮಗಳು ಹತ್ತು ವರ್ಷದ ನಂತರ ಮದುವೆಯ ಮಾತುಕತೆಯಲ್ಲಿ ಕಪ್ಪ ಕೊಡಬೇಡಿ ಎಂದು ಹೇಳಿದರೆ, ಆಗ ಅವಳ ಬಾಯಿ ಮುಚ್ಚಿಸಬೇಡಿ. ಅವಳ ಪಕ್ಕದಲ್ಲಿ ನಿಲ್ಲಿ.